ಟ್ಯಾಂಕಿನ ಲೆಕ್ಕ ಬಿಡಿ, ಮನುಷ್ಯನ ಮಾತು ಹೇಳಿ

ಪರಮವೀರ ಚಕ್ರದ ಅಬ್ದುಲ್ ಹಮೀದ್ ಹೆಸರೆತ್ತಿದರೆ ನಮ್ಮ ಮಡಕಶಿರಾ ಕಡೆ ಕೇಳೋದು ಒಂದೇ: ‘ಎನ್ನಿ ಟ್ಯಾಂಕುಲು ಕೊಟ್ಟಾಡು?’ ಎಷ್ಟು ಹೊಡೆದ? ಲೆಕ್ಕ ಇರಲಿ ಬಿಡಿ. ಮೇಷ್ಟ್ರುಗಳು ಸತ್ತ ದಿನವನ್ನಷ್ಟೇ ಬಾಯಿಪಾಠ ಮಾಡಿಸದೆ ಬದುಕನ್ನೂ ಹೇಳಬೇಕು ಅನ್ನೋದು ನನ್ನ ವಾದ.

ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಧಾಮುಪುರದ ದರ್ಜಿಯ ಮಗ ಆತ. 1954ರಲ್ಲಿ ಸೈನ್ಯ ಸೇರಿ, ಟ್ಯಾಂಕ್ ಹೊಡೆಯೋ ತೋಪಿನ ವಿದ್ಯೆಯನ್ನ ಬೇರೆಯವರಿಗೆ ಕಲಿಸುವಷ್ಟು ಪಳಗಿದ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಹತ್ತಿರ ಕಬ್ಬಿನ ಹೊಲದ ಮರೆಯಲ್ಲಿ ಜೀಪು ನಿಲ್ಲಿಸಿ, ಪ್ಯಾಟನ್ ಟ್ಯಾಂಕು ಹತ್ತಿರ ಬರೋವರೆಗೂ ಕಾದ. ಕಬ್ಬಿನೊಳಗೆ ನಿಂತವನು ಕಾಣೋಲ್ಲ, ರೈತರಿಗೆ ಗೊತ್ತು. ಆದರೆ ತೋಪು ಹಾರಿದರೆ ಹೊಗೆ, ಧೂಳು ಜಾಗ ತೋರಿಸಿಬಿಡುತ್ತೆ. ಹೊಡೆದ ಕೂಡಲೇ ಜೀಪು ಸರಿಸಬೇಕು. ಸರಿಸುತ್ತಾ ಹೊಡೆಯುತ್ತಾ, ಕೊನೆಗೆ ಶತ್ರುವಿನ ಗುಂಡಿಗೆ ಸಿಕ್ಕ. ವಯಸ್ಸು ಬರೀ 32.

1966ರ ಜನವರಿ 26ರಂದು ದಿಲ್ಲಿಯಲ್ಲಿ ಪದಕಕ್ಕೆ ಕೈ ಚಾಚಿದ್ದು ಹೆಂಡತಿ ರಸೂಲನ್ ಬೀಬಿ.