ಅಡುಗೆಮನೆಗೆ ಒಂದು ಗವಾಕ್ಷಿ ಬೇಡವೇ?

ಸಂತೆಮರಹಳ್ಳಿಯ ಕಡೆ ಹೊಸದಾಗಿ ಎದ್ದಿರುವ ತಾರಸಿ ಮನೆಗಳನ್ನು ಒಮ್ಮೆ ಗಮನಿಸಿ. ಬೀದಿಗೆ ಬಣ್ಣದ ಗ್ರಿಲ್, ನಡುಮನೆಗೆ ಟೈಲ್ಸ್. ಅಡುಗೆಮನೆಗೆ ಮಾತ್ರ ಒಂದೇ ಕಿಟಕಿ. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಎಷ್ಟೋ ಮನೆಗಳಲ್ಲಿ ಅದೂ ಸದಾ ಮುಚ್ಚಿರುತ್ತದೆ. ಹಳೆಯ ನಾಡಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದಾದರೂ ಹೊರಹೋಗುತ್ತಿತ್ತು. ತಾರಸಿಯಲ್ಲಿ ಸಂದಿ ಎಲ್ಲಿದೆ?

‘ನಮ್ಮಲ್ಲಿ ಗ್ಯಾಸ್ ಇದೆಯಲ್ಲ’ ಎನ್ನುವಿರಿ. ಇದೆ, ಚಹಾ ಕಾಯಿಸಲು. ಮುದ್ದೆಗೆ, ಬಚ್ಚಲ ಹಂಡೆಗೆ, ನೆಂಟರು ಬಂದ ದಿನದ ಬಿರಿಯಾನಿಗೆ ಇಂದಿಗೂ ಉರಿಯುವುದು ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿಯೇ. ಕಡ್ಡಿ ಹಸಿಯಾಗಿದ್ದರಂತೂ ಕೇಳುವುದೇ ಬೇಡ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಸೀಮೆಯ ಹಳ್ಳಿಗಳ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಇರುತ್ತೀರಿ, ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಿ. 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ, ಅಂದರೆ ವರ್ಷಗಟ್ಟಲೆ ಬಿಡದ ಕೆಮ್ಮು ಕಫದ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ. 18ಕ್ಕೆ ಮದುವೆಯಾಗಿ ಬಂದ ಸೊಸೆ 38ಕ್ಕೆಲ್ಲ ಆ ಗೆರೆ ಮುಟ್ಟುತ್ತಾಳೆ. ನಿಮ್ಮ ತಾಯಿಯ ಲೆಕ್ಕ ಹಾಕಿ ನೋಡಿ. ಬೀಡಿ ಮುಟ್ಟದ ಅಮ್ಮಿಯ ಕೆಮ್ಮಿಗೆ ನಾವು ‘ವಯಸ್ಸು’ ಎಂದು ಹೆಸರಿಟ್ಟು ಸಿರಪ್ ತರುತ್ತೇವೆ.

ಇದರ ಮೇಲೆ ರಾತ್ರಿ ಬಾಗಿಲು ಜಡಿದು ಸೊಳ್ಳೆಬತ್ತಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರ ಒಂದು ಅಧ್ಯಯನ ತೋರಿಸಿದೆ. ಪಕ್ಕದಲ್ಲೇ ಮಗು ಮಲಗಿರುತ್ತದೆ. ಲೋಬಾನವೂ ಹೊಗೆಯೇ, ಪರಿಮಳವಿದೆಯೆಂದು ಶ್ವಾಸಕೋಶವೇನೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ಪರ್ದಾದ ಮಾತು. ಮರೆ ಬೇಕು, ನಿಜ. ಆದರೆ ಬಿಸಿ ಹೊಗೆ ಮೇಲೇರುತ್ತದೆ. ಅದಕ್ಕೆ ಬೇಕಾದ ದಾರಿ ತಾರಸಿಯ ಕೆಳಗೆ, ಆಳೆತ್ತರಕ್ಕಿಂತ ಮೇಲೆ. ಅಲ್ಲಿಂದ ಯಾರೂ ಇಣುಕಲಾರರು. ಒಂದೂವರೆ ಅಡಿಯ ಗವಾಕ್ಷಿ, ಅದಕ್ಕೊಂದು ಜಾಲರಿ; ಗಾರೆಯವನಿಗೆ ಒಂದು ದಿನದ ಕೆಲಸ. ಒಲೆ ಉರಿಯುವಾಗ ಹಿತ್ತಿಲ ಬಾಗಿಲೂ ತೆರೆದಿದ್ದರೆ ಗಾಳಿ ಓಡಾಡುತ್ತದೆ. ಸೌದೆ ಬಿಡಲಾಗದವರು ಹೊಗೆಕೊಳವೆಯಿರುವ ಒಲೆ ಹಾಕಿಸಲಿ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲೇ ಅಂಥ ‘ಅಸ್ತ್ರ ಒಲೆ’ಯನ್ನು ರೂಪಿಸಿತ್ತು. ಕೊಳವೆಯ ಮಸಿ ತೆಗೆಯುತ್ತಿರಬೇಕು, ಅಷ್ಟೇ. (ನಮ್ಮ ಮನೆಯಲ್ಲಿ ಮರೆತು, ಹೊಗೆಯೆಲ್ಲ ಒಳಗೇ ತಿರುಗಿತ್ತು.)

ರಮಝಾನಿಗೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುತ್ತೀರಲ್ಲ, ಈ ಸಲ ಗಾರೆಯವನನ್ನೂ ಕರೆಸಿ ಮೊದಲು ಅಡುಗೆಮನೆಗೆ ಕರೆದೊಯ್ಯಿರಿ. ಗೋಡೆ ಎಲ್ಲಿ ಒಡೆಯಬೇಕೆಂದು ಅಲ್ಲಿ ಅಡುಗೆ ಮಾಡುವವರನ್ನೇ ಕೇಳಿ.