ಅಡಿಗೆಮನೆಗೆ ಗಾಳಿ ಕೊಡುವವರು ಯಾರು?

ನಮ್ಮ ರಾಮಥಾಳದಲ್ಲಿ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟುವ ಹುರುಪು. ಕಟ್ಟಲಿ. ಸೋರುವ ಮಾಳಿಗೆಗೆ ಮಣ್ಣು ಹೊತ್ತ ಕೈಗಳು ನಮ್ಮವೇ. ಆದರೆ ಹೊಸ ಮನೆಗಳ ಅಡಿಗೆಮನೆ ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಪಡುವಣ ಬಿಸಿಲಿಗೆ ಬೆನ್ನು ಕೊಟ್ಟ ಗೋಡೆ, ಮೊಳದುದ್ದದ ಕಿಟಕಿ, ತಲೆಯ ಮೇಲೆ ಹಗಲೆಲ್ಲ ಕಾದು ಸಂಜೆಗೆ ಕಾವು ಕಾರುವ ಸ್ಲ್ಯಾಬು. ಗಂಡಸರು ಕಟ್ಟೆಯ ಮೇಲೆ ಗಾಳಿಗೆ ಕೂಡುವ ಹೊತ್ತಿಗೇ ನಾವು ಒಳಗೆ ರೊಟ್ಟಿ ಬಡಿಯಬೇಕು. ಕೇಳಿದರೆ, "ನಮ್ಮ ಕಡೆ ಬಿಸಿಲೇ ಹಂಗೈತಿ ಬಿಡ್ರಿ" ಎನ್ನುತ್ತಾರೆ!

ಬಿಸಿಲಿನ ಮೇಲೆ ತಪ್ಪು ಹೊರಿಸುವವರಿಗೆ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕತೆ ಹೇಳಬೇಕು. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ಯೆಹೂದಿ ಮೂಲದವರೆಂದು 1933ರಲ್ಲಿ ನಾಜಿ ಸರಕಾರ ನೌಕರಿ ಕಿತ್ತುಕೊಂಡಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರ ಕಟ್ಟಡಗಳಿವೆ. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಹಾಯುತ್ತದೆ ಎಂದು ನೋಡಿ ಗೆರೆ ಎಳೆದವರು ಅವರು. 1948ರಲ್ಲಿ ಭುವನೇಶ್ವರಕ್ಕೆ ನಗರದ ನಕ್ಷೆ ಮಾಡಿದರು, ಕೇಂದ್ರ ಸರಕಾರದ ವಸತಿ ನಿರ್ದೇಶಕರೂ ಆದರು. ಎಲ್ಲವೂ ಕೈಹಿಡಿಯಿತು ಎಂದಲ್ಲ. ದಿಲ್ಲಿಯಲ್ಲಿ ಕಾರ್ಖಾನೆಯಲ್ಲೇ ಗೋಡೆ ತಯಾರಿಸಿ ತಂದು ಜೋಡಿಸುವ ಯೋಜನೆ ಮುರಿದುಬಿತ್ತು. 1951ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಕಲಿಸಿದ್ದೇನು? ಬಿಸಿನಾಡಿನಲ್ಲಿ ಮನೆ ಕಟ್ಟುವುದನ್ನು! ಚಳಿದೇಶದಲ್ಲಿ ಹುಟ್ಟಿದವರು ನಮ್ಮಂಥ ನಾಡುಗಳ ಬಿಸಿಲಿನ ಬಗ್ಗೆ, ಜೊತೆಗಾರರೊಂದಿಗೆ ಪುಸ್ತಕವನ್ನೇ ಬರೆದರು. 1999ರಲ್ಲಿ ತೀರಿಕೊಂಡರು.

ಆ ವಿದ್ಯೆಯಲ್ಲಿ ಮಾಯಮಂತ್ರವಿಲ್ಲ. ಬಿಸಿಗಾಳಿ ಮೇಲೇರುತ್ತದೆ, ಹೋಗಲು ಮೇಲೊಂದು ದಾರಿ ಬೇಕು. ತಂಪುಗಾಳಿ ಒಳಬರಲು ಎದುರು ಕಿಟಕಿ ಬೇಕು. ಗೋಡೆ ಕಾಯುವ ಮುಂಚೆಯೇ ಹೊರಗೆ ನೆರಳು ಮಾಡಬೇಕು. ನಮ್ಮ ಅಜ್ಜಿಯ ಅಡಿಗೆಮನೆಯ ಬೆಳಕಿಂಡಿ ಮಾಡುತ್ತಿದ್ದುದೂ ಅರ್ಧ ಇದೇ ಕೆಲಸ. ಮಣ್ಣಿನ ದಪ್ಪ ಮಾಳಿಗೆ ಕಾವನ್ನು ತಡೆದು ನಿಲ್ಲಿಸುತ್ತಿತ್ತು. ಮಾಳಿಗೆ ಹೋಗಲಿ, ಬೆಳಕಿಂಡಿಯನ್ನೂ ಯಾಕೆ ಮುಚ್ಚಬೇಕಿತ್ತು?

ವಾಸ್ತು ಹೇಳುವವರು ಆಗ್ನೇಯ ಅಂದರೆ ಕಟ್ಟಿದ ಒಲೆಕಟ್ಟೆಯನ್ನೇ ಒಡೆದು ಸರಿಸುತ್ತಾರೆ, ದುಡ್ಡಿಗೆ ಹಿಂದೆಮುಂದೆ ನೋಡುವುದಿಲ್ಲ. ಹೆಂಗಸು ಇನ್ನೊಂದು ಕಿಟಕಿ ಕೇಳಿದರೆ ಮಾತ್ರ ಖರ್ಚಿನ ಲೆಕ್ಕ ಹೊರಬೀಳುತ್ತದೆ. ದಿನಕ್ಕೆ ಐದಾರು ತಾಸು ಆ ಕೋಣೆಯಲ್ಲಿ ನಿಲ್ಲುವವಳು ಅವಳು. ಹುನಗುಂದಕ್ಕೋ ಇಳಕಲ್ಲಿಗೋ ನಕ್ಷೆ ಬರೆಸಲು ಹೋಗುವಾಗ ಅವಳನ್ನು ಕರೆದೊಯ್ಯಿರಿ. ಕರೆಯದಿದ್ದರೆ, ತಾಯಂದಿರೇ, ನೀವೇ ಹೊರಡಿ. ಎದುರುಬದುರು ಎರಡು ಕಿಟಕಿ, ಸ್ಲ್ಯಾಬಿನ ಕೆಳಗೆ ಬೆಳಕಿಂಡಿ, ಪಡುವಣಕ್ಕೆ ಸಜ್ಜಾ ಬರೆಯುವ ತನಕ ಅಲ್ಲಿಂದ ಏಳಬೇಡಿ.