ಮಾಸದ ಮಚ್ಚೆ

ಮುಖದ ಮೇಲೆ ಕೆಂಪು ಹುಟ್ಟುಮಚ್ಚೆ ಕಂಡರೆ ‘ದೊಡ್ಡವರಾದಂತೆ ಮಾಸುತ್ತೆ ಬಿಡಿ’ ಎನ್ನುವುದು ರೂಢಿ. ಎಲ್ಲವೂ ಮಾಸುವುದಿಲ್ಲ. ಹುಟ್ಟಿದ ಕೆಲವು ವಾರಗಳಲ್ಲಿ ಸ್ಟ್ರಾಬೆರಿಯಂತೆ ಉಬ್ಬುವ ಹೆಮಾಂಜಿಯೋಮಾ ವರ್ಷ ತುಂಬಿದ ಮೇಲೆ ತಾನಾಗಿ ಕುಗ್ಗತೊಡಗುತ್ತದೆ. ಹುಟ್ಟುವಾಗಲೇ ಇರುವ ಚಪ್ಪಟೆ ‘ಪೋರ್ಟ್ ವೈನ್’ ಮಚ್ಚೆ ಹಾಗಲ್ಲ. ವಯಸ್ಸಾದಂತೆ ಇನ್ನೂ ಗಾಢವಾಗುತ್ತದೆ. ಲೇಸರ್‌ನಿಂದ ತಿಳಿಯಾಗಬಹುದು, ಪೂರ್ತಿ ಹೋಗುವುದು ಅಪರೂಪ. ಕಾರಣ 2013ರಲ್ಲೇ ಗೊತ್ತಾಗಿದೆ: ಗರ್ಭದಲ್ಲಿರುವಾಗ ಒಂದು ಜೀನ್‌ನಲ್ಲಾಗುವ ಆಕಸ್ಮಿಕ ಬದಲಾವಣೆ. ಆದರೂ ಗ್ರಹಣದ ದಿನ ಹೊರಗೆ ಬಂದಳೆಂದು ತಾಯಿಯನ್ನು ದೂರುವುದು ನಿಂತಿಲ್ಲ. ಸೋವಿಯತ್ ನಾಯಕ ಗೊರ್ಬಚೆವ್ ಅವರ ಹಣೆಯ ಇಂಥದ್ದೇ ಮಚ್ಚೆಯನ್ನು ಅಧಿಕೃತ ಚಿತ್ರಗಳಲ್ಲಿ ಅಳಿಸಿದ್ದುಂಟು. ನಾವೇನು ಕಡಿಮೆ? ಉದ್ಯೋಗದ ಅರ್ಜಿಯ ‘ಗುರುತಿನ ಚಿಹ್ನೆ’ ಕಾಲಂನಲ್ಲಿ ಮಚ್ಚೆ ಬರೆಯಿರಿ ಎನ್ನುತ್ತೇವೆ, ಅದೇ ಅರ್ಜಿಯ ಫೋಟೊದಲ್ಲಿ ಅದನ್ನು ಅಳಿಸಿಕೊಳ್ಳಿ ಎಂದೂ ಸಲಹೆ ಕೊಡುತ್ತೇವೆ.